ನಮ್ಮ ತಗಡಿನ ಕೋಣೆಯ ದೊಡ್ಡಸ್ತಿಕೆ

ಜಂಬ ಕೊಚ್ಚಿಕೊಳ್ಳಲು ಕೆಲವರಿಗೆ ಬಂಗಾರವಿರುತ್ತದೆ, ಕೆಲವರಿಗೆ ಸೊಸೆಯ ಕೈರುಚಿಯಿರುತ್ತದೆ. ನನಗೆ ಒಂದು ತಗಡಿನ ಕೋಣೆಯಿದೆ. ಹೊರ್ತಿಯ ಸಮೀಪದ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. ಊರವರ ಬಾಯಲ್ಲಿ ದೊಡ್ಡಕ್ಕಾರು. ಇಂಡಿ ತಾಲೂಕಿನ ಮೀಟಿಂಗಿಗೆ ಹೋದರೂ, ಮುದ್ದೇಬಿಹಾಳದ ತರಬೇತಿಗೆ ಹೋದರೂ ನನ್ನ ಮಾತು ಸುತ್ತಿ ಬಳಸಿ ಆ ಕೋಣೆಗೇ ಬಂದು ನಿಲ್ಲುತ್ತದೆ. ಸಿಂದಗಿಯಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯದ ದಿನ, ಕೂಸಿಗೆ ಏನು ಹೆಸರಿಟ್ಟಿರಿ ಎಂದು ಯಾರೋ ಕೇಳಿದರೆ ನಾನು ಕೋಣೆಯ ಕಿಟಕಿ ಎಷ್ಟು ಅಗಲವಿದೆಯೆಂದು ಹೇಳಿದೆನಂತೆ. ತಂಗಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಆಕೆಗೆ ಹಿಂದಿನ ಸಂಕಟ ಗೊತ್ತಿಲ್ಲ. ನಮ್ಮ ಹಳೆಯ ಕಟ್ಟಡದ ಛತ್ತಿನಿಂದ ಸಿಮೆಂಟಿನ ಚಕ್ಕೆ ಉದುರಲು ಶುರುವಾಗಿ, ಎರಡು ಕೋಣೆಗಳಿಗೆ ಕೀಲಿ ಹಾಕಬೇಕಾಯಿತು. ಜಾಗವಿಲ್ಲದಿದ್ದರೆ ಏಳನೆಯ ತರಗತಿಯನ್ನು ಪಕ್ಕದ ಊರಿನ ಶಾಲೆಗೆ ಸೇರಿಸುತ್ತೇವೆ ಎಂಬ ಮಾತು ಮೇಲಿನಿಂದ ಬಂತು. ಹುಡುಗರೇನೋ ಸೈಕಲ್ ಹತ್ತಿ ಹೋದಾರು. ಹುಡುಗಿಯರ ಓದು ಆರನೆಯದಕ್ಕೇ ಮುಗಿಯುತ್ತದೆ ಎಂಬುದು ನನಗೂ ಗೊತ್ತಿತ್ತು, ಆ ಹುಡುಗಿಯರಿಗೂ ಗೊತ್ತಿತ್ತು. ನಾನು ಇಂಡಿಯ ಶಿಕ್ಷಣ ಇಲಾಖೆಯ ಕಚೇರಿಗೆ ಎಷ್ಟು ಅಲೆದೆನೆಂದರೆ, ಅಲ್ಲಿನ ಚಹಾದಂಗಡಿಯವನು ನನ್ನನ್ನು ಅಲ್ಲಿಯ ಸಿಬ್ಬಂದಿಯೆಂದೇ ತಿಳಿದಿದ್ದ. ಕೊನೆಗೆ, ಪಕ್ಕಾ ಕಟ್ಟಡ ಆಗುವವರೆಗೆ ಇರಲಿ ಎಂದು ಬಿಚ್ಚಿ ಜೋಡಿಸುವ ತಾತ್ಕಾಲಿಕ ತಗಡಿನ ಕೋಣೆಯೊಂದು ಮಂಜೂರಾಯಿತು.

ಕೋಣೆ ಲಾರಿಯಲ್ಲಿ ಬಂತು. ಶಾಲಾ ಸಮಿತಿಯ ಅಧ್ಯಕ್ಷ ಶಿವಗೊಂಡಪ್ಪ ಕಾಕಾ ಹೊಸ ರುಮಾಲು ಸುತ್ತಿ, ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿಕೊಂಡು ಪೂಜೆಗೆ ಸಿದ್ಧನಾಗಿ ನಿಂತಿದ್ದ.

“ಎಲ್ಲಿ ಅಗೀಬೇಕ್ರಿ ಅಕ್ಕಾರ?”

“ಎಲ್ಲೂ ಅಗ್ಯಾಂಗಿಲ್ಲ ಕಾಕಾ. ಗ್ವಾಡಿ ಜೋಡಿಸಿ ಬೋಲ್ಟ್ ಬಿಗದ್ರ ಮುಗೀತು.”

ಪೂಜೆಯಾದ ಗುದ್ದಲಿ ಹಾಗೇ ಮನೆಗೆ ಹೋಗಬಾರದೆಂದು ಅವನು ಅಂಗಳದ ಮೂಲೆಯಲ್ಲಿ ಒಂದು ಕುಣಿ ತೋಡಿ ನುಗ್ಗೆಯ ಗಿಡ ಹಚ್ಚಿದ. ಅಷ್ಟರಲ್ಲಿ ಬಿಳಿ ಗೋಡೆ, ನೀಲಿ ಕಿಟಕಿಗಳ ಕೋಣೆ ಎದ್ದು ನಿಂತಿತ್ತು. ನಾನು ಅದರ ಸುತ್ತ ಸುಮ್ಮನೆ ಪ್ರದಕ್ಷಿಣೆ ಹಾಕಿದೆ.

ಮರುದಿನ ಬೆಳಿಗ್ಗೆ ಒಂದು ಮಗುವೂ ಒಳಗೆ ಹೋಗಲಿಲ್ಲ. ಬಾಗಿಲಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ನೀಲವ್ವ ಸೆರಗು ಸಿಕ್ಕಿಸಿ ನಿಂತಿದ್ದಳು. ಅವಳ ಹಿಂದೆ ಉಳಿದ ತಾಯಂದಿರು.

“ಅಕ್ಕಾರ, ಇದಕ ಹೊಸ್ತಿಲಾನ ಇಲ್ಲಲ್ರಿ. ಹೊಸ್ತಿಲಾ ಇಲ್ಲದಲ್ಲಿ ಹೆಣ್ಣ ಮಕ್ಕಳನ್ನ ಹೆಂಗ ಕಳಸೂಣ್ರಿ?”

“ಇದು ಮನಿ ಅಲ್ಲ ನೀಲವ್ವ. ಪಕ್ಕಾ ಕಟ್ಟಡ ಆಗೂತನಾ ಅಷ್ಟ ಇರೂದು.”

“ಬಾಡಗಿ ಮನಿಗೂ ಹೊಸ್ತಿಲಾ ಇರ್ತೈತ್ರಿ.”

ನಾನು ಕಾಕಾನಿಗೆ ಹೇಳಿ ಕಳಿಸಿದೆ. ಶಿವಗೊಂಡಪ್ಪ ಅಂದೇ ಬಡಿಗೇರನ ಕೈಯಲ್ಲಿ ಜಾಲಿಮರದ ಹೊಸ್ತಿಲು ಮಾಡಿಸಿ ಕೂಡಿಸಿದ. ಹೆಂಗಸರು ಅರಿಶಿನ ಬಳಿದು, ಕುಂಕುಮವಿಟ್ಟು, ಮಕ್ಕಳನ್ನು ಬಲಗಾಲಿಡಿಸಿ ಒಳಗೆ ಕಳಿಸಿದರು. ಹೊಸ್ತಿಲು ಬಂದ ಮೇಲೆ ಮುಂದೊಂದು ಕಟ್ಟೆ ಬೇಡವೇ? ಒಂದು ಓಣಿಯವರು ಹಾಸುಗಲ್ಲು ತಂದು ಕಟ್ಟೆ ಕಟ್ಟಿದರು. ಬಿಸಿಲು ಏರಿದಾಗ ಇನ್ನೊಂದು ಓಣಿಯವರು ಛಾವಣಿಯ ತಗಡಿನ ಮೇಲೆ ಜೋಳದ ಒಣದಂಟಿನ ಕಣಿಕೆ ಹೊದಿಸಿದರು. ನೀಲವ್ವನ ಮಗಳು ಮೊದಲ ಸಾಲಿನಲ್ಲಿ ಕೂತು ಗಟ್ಟಿಯಾಗಿ ಪಾಠ ಓದುವಾಗ ನನ್ನ ಎದೆ ಉಬ್ಬಿತು. ಇಂಥ ಊರಿನಲ್ಲಿ ಕೆಲಸ ಮಾಡುತ್ತೇನಲ್ಲ ಎಂದು ನನಗೆ ನನ್ನ ಮೇಲೇ ಅಸೂಯೆ ಬಂತು.

ಹೀಗಿರುವಾಗ, ಯಾವ ಶಾಲೆಗೆ ಮೊದಲು ಪಕ್ಕಾ ಕಟ್ಟಡ ಕೊಡಬೇಕೆಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವ ಸುದ್ದಿ ಬಂತು. ಬಸವನ ಬಾಗೇವಾಡಿಯ ಗೆಳತಿ, ಅವಳೂ ಮುಖ್ಯೋಪಾಧ್ಯಾಯಿನಿಯೇ, ಫೋನಿನಲ್ಲಿ ನನಗೆ ತಾಕೀತು ಮಾಡಿದಳು: “ನಿನ್ನ ಕ್ವಾಣಿ ಪುರಾಣ ಬಿಚ್ಚಬ್ಯಾಡ. ಬರೇ ಗೋಳ ಹೇಳು.” ನಾನು ಊರವರನ್ನು ಕೂಡಿಸಿ, ಅಂದು ಯಾರೂ ಕೋಣೆಯನ್ನು ಹೊಗಳಕೂಡದೆಂದು ಆಣೆ ಮಾಡಿಸಿದೆ.

ಸಾಹೇಬರು ಸುಡುಸುಡು ಮಧ್ಯಾಹ್ನ ಬಂದರು. ಶಿವಗೊಂಡಪ್ಪ ರುಮಾಲಿನ ತುದಿಯಿಂದ ಹಣೆ ಒರೆಸಿಕೊಳ್ಳುತ್ತ, “ಒಲಿಯಾಗ ಕುಂತಂಗ ಆಕ್ಕೈತ್ರಿ ಸಾಹೇಬ್ರ” ಎಂದು ನರಳಿದ. ಅವನ ನಟನೆ ನನಗೇ ಕಣ್ಣೀರು ಬರುವಷ್ಟು ಚೆನ್ನಾಗಿತ್ತು. ಸಾಹೇಬರು ಒಳಗೆ ಹೋಗಿ ಬೆಂಚಿನ ಮೇಲೆ ಕೂತರು. ಅವರ ಮುಖ ಅರಳಿತು.

“ಅಲ್ರೀ ಅಕ್ಕಾರ, ಇಲ್ಲಿ ಎಷ್ಟು ತಂಪೈತಿ! ಏನ್ ಮಾಡೀರಿ ಇದಕ?”

ಗೊತ್ತಿಲ್ಲ ಎಂದರೆ ಸಾಕಿತ್ತು. ಆದರೆ ಕೇಳಿದವರು ಸಾಹೇಬರು, ಕೇಳಿಸಿಕೊಂಡವಳು ನಾನು. ಕಣಿಕೆಯನ್ನು ಮೊದಲು ಉದ್ದಕ್ಕೆ, ಅದರ ಮೇಲೆ ಅಡ್ಡಕ್ಕೆ ಹೇಗೆ ಹಾಸಿದರು, ನಡುವೆ ಗಾಳಿಯಾಡಲು ಹೇಗೆ ಸಂದು ಬಿಟ್ಟರು, ಯಾವ ಓಣಿಯವರು ಅದರ ಕಟ್ಟುಗಳನ್ನು ಹೊತ್ತು ತಂದರು ಎಲ್ಲವನ್ನೂ ಹೇಳಿ, ಸಾಲದೆಂದು ಅವರನ್ನು ಹೊರಗೆ ಕರೆತಂದು ಬೆರಳು ಮಾಡಿ ತೋರಿಸಿದೆ. ಹಿಂದೆ ಶಿವಗೊಂಡಪ್ಪ ಕೆಮ್ಮಿದ. ಮತ್ತೆ ಕೆಮ್ಮಿದ. ನಾನು ನಿಲ್ಲಿಸಲಿಲ್ಲ.

ಸಾಹೇಬರು ನಕ್ಕರು. “ಇಷ್ಟು ಛಲೋ ಕ್ವಾಣಿ ಇರೂವಾಗ ನಿಮಗೇನು ಅವಸರ? ಏಳನೇತ್ತಾ ಕ್ಲಾಸ ಇಲ್ಲೇ ಇರಲಿ, ಅದರ ಚಿಂತಿ ಬಿಡ್ರಿ. ಪಕ್ಕಾ ಕಟ್ಟಡ ಈ ಸಲ ಬ್ಯಾರೆ ಊರಿಗೆ ಕೊಡೂಣು, ನಿಮ್ಮದು ಮುಂದಿನ ಸರತಿಗೆ.”

ಸಾಹೇಬರ ಜೀಪು ಹೊರಟಿತು. ನಾನು ತಲೆ ತಗ್ಗಿಸಿ ಬೈಗುಳಕ್ಕೆ ಕಾದೆ.

“ನಾ ಅಷ್ಟು ಕೆಮ್ಮಿದ್ನಿ, ನೀವು ಈ ಕಡೆ ನೋಡಲೇ ಇಲ್ಲಲ್ರಿ” ಎಂದ ಶಿವಗೊಂಡಪ್ಪ.

“ತಪ್ಪಾತು ಕಾಕಾ. ನನ್ನ ಬಾಯಿ ಬಂದ್ ಮಾಡ್ಬೇಕಿತ್ತು.”

“ಬಂದ್ ಮಾಡ್ಲಿ ಅಂತ ನಾ ಕೆಮ್ಮಲಿಲ್ಲರಿ. ಬರೇ ಕಣಕಿ ಹೇಳಿ ಕಳಿಸಿಬಿಟ್ರಿ. ಹೊಸ್ತಿಲಾ ಮಾಡ್ಸಿದವ ನಾನು, ಅದನ್ನ ಹೇಳಬಾರದೇನ್ರಿ?”

ಕೈಗೆ ಬಂದ ಕಟ್ಟಡವನ್ನು ಕಳೆದುಕೊಂಡ ಮುಖ್ಯೋಪಾಧ್ಯಾಯಿನಿಗೆ ಆಗ ಪಶ್ಚಾತ್ತಾಪವಾಗಬೇಕಿತ್ತು. ಆಯಿತು ಕೂಡ. ಜೀಪು ಇನ್ನೂ ಹಾದಿಯ ತಿರುವು ದಾಟಿರಲಿಲ್ಲ. ಕೂಗಿದರೆ ಕೇಳಿಸೀತೇನೋ ಎಂದು ನಾನು ನಾಲ್ಕು ಹೆಜ್ಜೆ ಓಡಿಯೂಬಿಟ್ಟೆ. ಕಟ್ಟಡ ಕೇಳುವುದಕ್ಕಲ್ಲ, ಆ ಹೊಸ್ತಿಲನ್ನೂ ಒಮ್ಮೆ ನೋಡಿ ಹೋಗಿರಿ ಎನ್ನುವುದಕ್ಕೆ.