ಮರಿಗೆ ಸೀರೆ ಹೊದಿಸಿದವಳಿಂದ ಸೀಲಮ್ಮನವರಿಗೆ

ಮಾನ್ಯ ಸೀಲಮ್ಮನವರೇ,

ಈಗ ಬೆಳಗಿನ ಜಾವ ಮೂರು ಗಂಟೆ. ಮಗಳು ತನ್ವಿ ತೊಟ್ಟಿಲಲ್ಲಿ ಥೇಟ್ ತಮ್ಮ ಮರಿಯ ದನಿಯಲ್ಲಿ ‘ಊಂ’ ಎಂದು ಒಮ್ಮೆ ನರಳಿ ಮತ್ತೆ ನಿದ್ದೆ ಹೋದಳು, ನಾನು ಹೋಗಲಿಲ್ಲ. ತಾವು ನೀರಿನಲ್ಲಿ ಕ್ಷೇಮವೆಂದು ನಂಬಿ ಈ ದೂರನ್ನು ಸವಿನಯದಿಂದ ಬರೆಯುತ್ತಿದ್ದೇನೆ.

ಲಾಕ್‌ಡೌನ್ ಸಡಿಲವಾದದ್ದೇ ತಡ, ಮನೆಯಲ್ಲಿ ಕೂತು ಮಂಕಾಗಿದ್ದ ನನ್ನನ್ನು ಗಂಡ ಹೇಮಚಂದ್ರ ನಿನ್ನೆ ಈ ಪರದೇಶದಲ್ಲಿ ನಾವಿರುವ ಊರು ಕಿಲ್ಕೆನ್ನಿಯಿಂದ ತಮ್ಮ ಕಡಲಂಚಿನ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದ. ಸಾವಿರಾರು ವರ್ಷ ಹಿಮನದಿ ತೆವಳಿ ಕೊರೆದ ಕಣಿವೆಯೆಂದು ಅಲ್ಲಿನ ಫಲಕ ಹೇಳುತ್ತಿತ್ತು. ಫಲಕವನ್ನು ಸ್ಯಾನಿಟೈಸರ್ ಹಾಕಿ ಒರೆಸಿದೆ. ಕಣಿವೆಯನ್ನು ಮಾತ್ರ ನೋಡಲಿಲ್ಲ, ತನ್ವಿಯ ಎದೆ ಏರಿಳಿಯುತ್ತಿದೆಯೇ ಎಂದು ನೋಡುವುದರಲ್ಲೇ ಹೊತ್ತು ಹೋಯಿತು.

ಆಗ ಕಂಡದ್ದು ಬಂಡೆಯ ಮೇಲೆ ಒಂಟಿಯಾಗಿ ಅಳುತ್ತಿದ್ದ ತಮ್ಮ ಕೂಸು, ಮೀಸೆ ಹೊತ್ತ ಪುಟ್ಟ ಸೀಲ್ ಮರಿ. ತಲೆಗೆ ಕುಲಾವಿಯಿಲ್ಲ, ಕೆನ್ನೆಗೆ ದೃಷ್ಟಿಬೊಟ್ಟಿಲ್ಲ. ಹಸಿ ಮಗುವನ್ನು ಗಾಳಿಗೆ ಬಿಟ್ಟು ಹೋದ ತಮ್ಮ ಧೈರ್ಯಕ್ಕೆ ತಲೆಬಾಗುತ್ತೇನೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು, ತನ್ವಿಯನ್ನು ಸುತ್ತಿದ್ದ ಅಮ್ಮನ ಹಳೇ ಸೀರೆ ಬಿಚ್ಚಿ ಅದಕ್ಕೆ ಹೊದಿಸಿದೆ. ಬಾಣಂತನಕ್ಕೆಂದು ಮೈಸೂರಿನಿಂದ ಮೊದಲು ಸೀರೆ ಬಂದಿತ್ತು. ಹಿಂದೆಯೇ ಬರಬೇಕಿದ್ದ ಅಮ್ಮ ವಿಮಾನ ನಿಂತು ಅಲ್ಲೇ ಉಳಿದಳು. ಮರಿ ಹಲ್ಲು ಕಿರಿದದ್ದನ್ನು ನಗುವೆಂದೇ ಭಾವಿಸಿ, ಪಕ್ಕದಲ್ಲಿ ಕಾವಲು ನಿಂತೆ.

ನಾಯಿಯೊಂದಿಗೆ ಬಂದ ಅಜ್ಜಿಯೊಬ್ಬರು ದೂರದಿಂದಲೇ, ಮರಿ ಗ್ರ್ಯಾಂಡ್ ಆಗಿದೆ (ಇಲ್ಲಿನವರ ಮಾತಿನಲ್ಲಿ ಚೆನ್ನಾಗಿಯೇ ಇದೆ), ನೀವು ಮೊದಲು ಜಾಗ ಖಾಲಿ ಮಾಡಿ ಎಂದರು. ನಾನು ಕದಲಲಿಲ್ಲ. ಕೊನೆಗೆ ಹೇಮಚಂದ್ರನೇ ಮೆಲ್ಲಗೆ ಅಂದ: “ಅದರಮ್ಮ ಮೀನು ತಿನ್ನಕ್ಕೆ ಹೋಗಿದಾಳೆ ಕಣೇ. ನೀನು ಇಲ್ಲೇ ನಿಂತಿದ್ರೆ ಅವಳು ಹೆಂಗೆ ಬರ್ತಾಳೆ?”

ಸೀರೆ ಎಳೆದುಕೊಂಡು ಓಡಿದೆವು. ದಿಬ್ಬ ಹತ್ತಿ ತಿರುಗುವಷ್ಟರಲ್ಲಿ ಮಂಜು ಕವಿದು ತಾವೂ ಕಾಣಲಿಲ್ಲ, ಮರಿಯೂ ಕಾಣಲಿಲ್ಲ. ಸೀರೆ ಈಗ ಮೀನು ನಾರುತ್ತಿದೆ. ತನ್ವಿ ಅದರಲ್ಲೇ ಮೊದಲಿಗಿಂತ ಚೆನ್ನಾಗಿ ಮಲಗಿದ್ದಾಳೆ.

ಕೂಸನ್ನು ಬಿಟ್ಟು ನೆಮ್ಮದಿಯಾಗಿ ಉಂಡು ಬರುವ ವಿದ್ಯೆಯನ್ನು ತಾವು ಆನ್‌ಲೈನಿನಲ್ಲಿ ಕಲಿಸುವುದಾದರೆ ಮೊದಲ ವಿದ್ಯಾರ್ಥಿನಿ ನಾನೇ. ಅದಿರಲಿ. ತಾವು ತಿರುಗಿ ಬಂದಿರಷ್ಟೇ? ನನ್ನಮ್ಮನೂ ನೀರಿನಾಚೆಯೇ ಇದ್ದಾಳೆ. ಅವಳಿಗೆ ಈಜು ಬರುವುದಿಲ್ಲ, ತಮಗೆ ಬರುತ್ತದೆ.

ತಮ್ಮ ವಿಶ್ವಾಸಿ, ಮರಿಯ ಅಪನಂಬಿಕೆಗೆ ಪಾತ್ರಳಾದ,
ವಿನೋದಿನಿ

ತಾ.ಕ.: ಫೋನ್ ಬ್ಯುಸಿ ಬಂದರೆ ಇಟ್ಟುಬಿಡಬೇಡಿ, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದು ಹೇಗೆಂದು ಅಮ್ಮ ಹೇಳುತ್ತಿರುತ್ತಾಳೆ. ತಮ್ಮಂಥ ಬಿಡುವಿಲ್ಲದವರು ಮಾತಾಡಲೇಬೇಕೆಂದಿಲ್ಲ, ಒಂದು ಮಿಸ್ಡ್ ಕಾಲ್ ಕೊಟ್ಟರೂ ಮರಿ ಸಿಕ್ಕಿತೆಂದು ತಿಳಿಯುತ್ತೇನೆ. ಬೆಳಗಾಗುವುದರೊಳಗೆ, ದಯವಿಟ್ಟು.