ಭಾವನ ಕಾಡತೂಸು, ಅಕ್ಕನ ಕೈ

ನಮ್ಮ ಭಾವ ಈವರೆಗೆ ಒಂದು ಸೊಳ್ಳೆಯನ್ನೂ ಹೊಡೆದು ಕೊಂದವರಲ್ಲ. ಆದರೂ ಪೊಲೀಸರು ಆಗಾಗ ಅವರ ಮನೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಾರೆ! ಭಾವ ಧಾರವಾಡದವರು, ಲಂಡನ್ನಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಪಕ್ಕದ ಮನೆಯ ಆಮ್ಲೆಟ್ ವಾಸನೆಗೇ ಕಿಟಕಿ ಮುಚ್ಚುವ ಶುದ್ಧ ಸಸ್ಯಾಹಾರಿ. ಇಂಥವರ ಅಕ್ಸ್‌ಬ್ರಿಡ್ಜ್ ಮನೆಯಲ್ಲಿ ಗೋಡೆಗೆ ಬಿಗಿದ ಒಂದು ಉಕ್ಕಿನ ಬೀರು. ಬೀರುವಿನೊಳಗೆ ಅವರ ಪ್ರಾಣ, ಅಂದರೆ ಗುರಿ ಹೊಡೆಯುವ ರೈಫಲ್. ದೂರದಲ್ಲಿ ನಿಲ್ಲಿಸಿದ ಕಾಗದಕ್ಕೆ ತೂತು ಮಾಡುವುದೇ ಅವರ ಹವ್ಯಾಸ. ಕಾಗದಕ್ಕೆ ತೂತು ಮಾಡಲು ಆಫೀಸಿನ ಪಂಚಿಂಗ್ ಮೆಷಿನ್ ಸಾಲದೇ ಭಾವ ಎಂದು ಒಮ್ಮೆ ಕೇಳಿದ್ದೆ. ಆಮೇಲೆ ಯುಗಾದಿಯವರೆಗೂ ಅವರು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಲೈಸೆನ್ಸ್ ನವೀಕರಣಕ್ಕೆಂದು ಪೊಲೀಸ್ ಅಧಿಕಾರಿ ಬಂದಾಗ ನಾನೂ ಅಲ್ಲೇ ಇದ್ದೆ. ಬೀರು ನೋಡಿದರು, ಬೀಗ ಅಲ್ಲಾಡಿಸಿದರು, ಕೊನೆಗೆ ಅಕ್ಕನನ್ನು ಕೇಳಿದರು: "ಮನೆಯಲ್ಲಿ ಏನಾದರೂ ಒತ್ತಡ ಇದೆಯೇ?"

"ಇದೆ. ಈಗ ನಿಮ್ಮೆದುರೇ ಕೂತಿದೆ," ಅಂದಳು ಅಕ್ಕ.

ಅಧಿಕಾರಿ ನಗುತ್ತಾ ಇನ್ನೊಂದು ಚಕ್ಕುಲಿಗೆ ಕೈ ಹಾಕಿದರು. ಅವರು ಹೊರಡುವಾಗ ಅಕ್ಕ ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಡಲು ಹೋದಳು. ಇದನ್ನು ಲಂಚ ಅಂದುಕೊಂಡು ಲೈಸೆನ್ಸೇ ಕಿತ್ತುಕೊಂಡರೆ ಏನು ಗತಿ ಎಂದು ಭಾವ ಬೆವತುಹೋದರು!

ಭಾವನ ನಿಜವಾದ ಹುಚ್ಚು ರೈಫಲ್ಲಿನದಲ್ಲ, ಅದಕ್ಕೆ ಹಾಕುವ ಕಾಡತೂಸಿನದು. ಸ್ಪರ್ಧೆಗೆಂದೇ ಕಾರ್ಖಾನೆಯಲ್ಲಿ ಮಾಡಿದ ಬಲು ನಿಖರವಾದ ಕಾಡತೂಸು ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ. ಎಲ್ಲರೂ ಅದನ್ನು ಕೊಂಡು ಹೊಡೆದು ಸುಖವಾಗಿ ಮನೆಗೆ ಹೋಗುತ್ತಾರೆ. ನಮ್ಮ ಭಾವ ಮಾತ್ರ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಹುಲ್ಲಿನಲ್ಲಿ ಹುಡುಕಿ ಆರಿಸಿ ತಂದು, ತೊಳೆದು, ಒರೆಸಿ, ಸಿಡಿಮದ್ದು ತೂಗಿ ತುಂಬಿ, ಮೇಲೆ ಹೊಸ ಗುಂಡು ಕೂರಿಸಿ, ಕೈಯಾರೆ ಕಾಡತೂಸು ಕಟ್ಟುತ್ತಾರೆ.

"ಅಂಗಡ್ಯಾಗಿಂದು ಅಂದ್ರ ಖಾನಾವಳಿ ಊಟ ಇದ್ದಂಗ, ನೋಡವಾ ತಂಗಿ," ಎಂದು ನನಗೆ ಪಾಠ. "ಎಲ್ಲಾರಿಗೂ ಒಂದ ಅಳತಿ. ನನ್ನ ಬಂದೂಕಿಗೆ ಯಾವುದು ಒಗ್ಗತದ, ಯಾವುದು ಒಗ್ಗಂಗಿಲ್ಲ, ಆ ಕಾರ್ಖಾನ್ಯಾವರಿಗೇನ್ ಗೊತ್ತು?"

"ನಿಮ್ಮ ಬಂದೂಕಿಗೆ ಕೈಯಡುಗೆ ಬೇಕು. ನನಗೆ ಮಾತ್ರ ಕಿಂಗ್ಸ್‌ಬರಿಯ ಅಂಗಡಿಯ ಪ್ಯಾಕೆಟ್ ಸಾರಿನ ಪುಡಿ ತಂದುಕೊಡ್ತೀರಿ!" ಎಂದು ಅಡುಗೆಮನೆಯಿಂದ ಅಕ್ಕ. ಅವಳದು ಅಪ್ಪಟ ಮೈಸೂರು ಕನ್ನಡ, ಅಪ್ಪಟ ಮೈಸೂರು ಚುಚ್ಚು.

"ಅದು ಬ್ಯಾರೆ, ಇದು ಬ್ಯಾರೆ."

"ಹೌದು ಬಿಡಿ, ಸಾರು ಉಣ್ಣೋದು ನಾನಲ್ವೆ!"

ಸ್ಪರ್ಧೆಯ ದಿನ ಭಾವ ಕಾಫಿ ಮುಟ್ಟುವುದಿಲ್ಲ. ಎದೆ ಬಡಿತ ಹೆಚ್ಚಾಗಿ ನಳಿಗೆ ಕುಣಿಯುತ್ತದಂತೆ. ಏಕಾದಶಿಗೆ ಒಂದು ಹೊತ್ತೂ ಬಿಡದ ಮನುಷ್ಯ ಕಾಗದದ ತೂತಿಗಾಗಿ ಉಪವಾಸ ಮಾಡುತ್ತಾರೆಂದರೆ ಭಕ್ತಿ ಎಲ್ಲಿದೆ ನೀವೇ ಹೇಳಿ!

ಅಕ್ಕ ಹಲ್ಲಿನ ಡಾಕ್ಟರು. ಈ ಊರಿನಲ್ಲಿ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದಕ್ಕಿಂತ ಲಾಟರಿ ಹೊಡೆಯುವುದು ಸುಲಭ. ಹಾಗಾಗಿ ಕನ್ನಡದವರ ಕೂಟಗಳಲ್ಲಿ ಅವಳಿಗೆ ಮಂತ್ರಿಗಿಂತ ಮರ್ಯಾದೆ. ಊಟದ ಸಾಲಿನಲ್ಲೇ ಜನ ಬಾಯಿ ತೆರೆದು ನಿಲ್ಲುತ್ತಾರೆ. ಒಂದು ಸಲ ಮನೆಯಲ್ಲಿಟ್ಟಿದ್ದ ಅವಳ ಹಳೆಯ ಕೊಕ್ಕೆಗಳು, ಹಲ್ಲಿನ ಸಂದಿಯ ಗಾರೆ ಕೆರೆಯುವಂಥವು, ಮಾಯವಾದವು. ಹುಡುಕಿದರೆ ಭಾವನ ಮೇಜಿನ ಮೇಲೆ! ಚಿಪ್ಪಿನ ತಳದ ಗುಂಡಿಯಲ್ಲಿ ಕಟ್ಟಿದ ಮಸಿ ಕೆರೆಯಲು ಅದಕ್ಕಿಂತ ಒಳ್ಳೆಯ ಆಯುಧವೇ ಇಲ್ಲವಂತೆ. ಅಕ್ಕ ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿ, "ಏನ್ರೀ ಇದು, ಇಷ್ಟು ಕೆಟ್ಟದಾಗಿ ಕ್ಲೀನ್ ಮಾಡಿದೀರಲ್ಲ, ನನ್ನ ಪೇಷೆಂಟ್ ಆಗಿದ್ದರೆ ಕೇಸ್ ಹಾಕ್ತಿದ್ದ," ಎಂದು ಹಾಗೇ ಇಟ್ಟು ಹೋದಳು.

ಇಷ್ಟು ನಗುವಿದ್ದ ಮನೆ ಹೋದ ಚಳಿಗಾಲ ಮಂಕಾಯಿತು. ಕಾರಿನ ಗಾಜಿನ ಮೇಲಿನ ಹಿಮ ಕೆರೆಯಲು ಹೋಗಿ ಅಕ್ಕ ಜಾರಿಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬೆರಳು ಮಾತ್ರ ಮರಗಟ್ಟಿದ ಹಾಗೆಯೇ ಉಳಿಯಿತು. ನರ ಚೇತರಿಸಿಕೊಳ್ಳುತ್ತದೆ, ಬೆರಳಿಗೆ ಕೆಲಸ ಕೊಡಿ ಎಂದು ಫಿಸಿಯೋ ಹೇಳಿ, ಹಿಚುಕಲು ಮೆತ್ತನೆಯ ಮುದ್ದೆಯನ್ನೂ ಹೆಕ್ಕಲು ಒಣ ಬಟಾಣಿಯನ್ನೂ ಕೊಟ್ಟು ಕಳಿಸಿದಳು. ದಿನ ಕಳೆದಂತೆ ಬೆರಳಿಗೆ ಸ್ಪರ್ಶ ಬಂತು, ಬಲವೂ ಬಂತು. ಡಾಕ್ಟರು ಸರಿಹೋಗಿದೆ ಅಂದರು. ಅಕ್ಕ ಒಪ್ಪಬೇಕಲ್ಲ!

"ಈ ಕೈಯನ್ನ ಇನ್ನೊಬ್ಬರ ಬಾಯಲ್ಲಿ ಇಡೋಕೆ ನನಗೆ ಧೈರ್ಯ ಇಲ್ಲ ಕಣೇ. ಕ್ಲಿನಿಕ್ಕಿಗೆ ಬರಲ್ಲ ಅಂತ ಹೇಳಿಬಿಡ್ತೀನಿ," ಅಂದಳು ನನ್ನ ಹತ್ತಿರ. ಮಾತು ಮುಗಿಸಿ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ನನಗೆ ಅಳು ಬಂತು. ಕಾಲೇಜಿನ ದಿನಗಳಿಂದ ಆ ಕೈಯ ಮೇಲೆ ಅವಳಿಗಿದ್ದ ಹೆಮ್ಮೆ ನನಗೆ ಗೊತ್ತು.

ಈ ಮಾತು ಭಾವನ ಕಿವಿಗೂ ಬಿತ್ತು. ಮರುದಿನ ಅವರು ಒಂದು ಬುಟ್ಟಿ ಚಿಪ್ಪು ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿದು, ಬೇಕೆಂದೇ ಕೆಟ್ಟದಾಗಿ ಕೆರೆಯತೊಡಗಿದರು. ಕರ್‍ರ್ ಕರ್‍ರ್ ಎಂಬ ಸದ್ದು. ಯಾವ ಹಲ್ಲಿನ ಡಾಕ್ಟರು ತಡೆದಾರು?

"ಕೊಡಿ ಇಲ್ಲಿ!" ಎಂದು ಅಕ್ಕ ಕೊಕ್ಕೆ ಕಿತ್ತುಕೊಂಡಳು.

ಅಲ್ಲಿಂದ ಬಟಾಣಿಗೆ ರಜೆ. ಚಿಪ್ಪು ಕೆರೆಯುವುದು, ಅದರ ಬಾಯಂಚನ್ನು ನಯ ಮಾಡುವುದು, ತೂಕ ನೋಡಿ ಬೇರೆ ಬೇರೆ ಇಡುವುದು, ಭಾವ ಪಕ್ಕದಲ್ಲೇ ಕೂತಿರುವಾಗ ಕೈಯಂತ್ರದ ಹಿಡಿ ಒತ್ತಿ ಗುಂಡು ಕೂರಿಸುವುದು, ಎಲ್ಲ ಅಕ್ಕನ ಬಲಗೈ ಕೆಲಸ. ಮದ್ದು ತುಂಬುವುದು ಮಾತ್ರ ಭಾವ. ಲೈಸೆನ್ಸ್ ಅವರ ಹೆಸರಿನಲ್ಲಿದೆ. ಆ ವಿಷಯದಲ್ಲಿ ಹೆಂಡತಿಯನ್ನೂ ನಂಬುವವರಲ್ಲ! ಮೊದಮೊದಲು ಚಿಪ್ಪು ಜಾರಿ ನೆಲಕ್ಕೆ ಬಿದ್ದು ಠಣ್ ಎನ್ನುತ್ತಿತ್ತು. ವಸಂತ ಬರುವ ಹೊತ್ತಿಗೆ ಠಣ್ ನಿಂತಿತ್ತು.

"ನೋಡು, ನಿನ್ನ ಕೈ ಪೂರಾ ಸುದ್ದ ಆಗೇದ," ಅಂದರು ಭಾವ.

"ನೀವು ಹೊಗಳಿದರೆ ನಾನು ನಂಬಲ್ಲ. ನನ್ನ ಕರಕಲು ದೋಸೇನೂ ಹೊಗಳಿದೋರು ನೀವು."

"ಹಂಗಾರ ಪರೀಕ್ಷಾ ಮಾಡೂಣು. ಕಾರ್ಖಾನಿ ಕಾಡತೂಸು ಒಂದು ಕಡೆ, ನಿನ್ನವು ಒಂದು ಕಡೆ. ಯಾವುದು ಯಾವುದಂತ ನನಗ ಹೇಳಬ್ಯಾಡ್ರಿ. ಹೊಸ ಔಷಧ ಪರೀಕ್ಷಾ ಮಾಡ್ತಾರಲ್ಲ, ಹಂಗ."

ಹೀಗೆ ನಾನು ಸಂಶೋಧನಾ ಸಹಾಯಕಿಯಾದೆ! ಖಾನಾವಳಿ ಊಟವೆಂದು ಜನ್ಮವಿಡೀ ಬೈದ ಡಬ್ಬಿಯನ್ನು ಭಾವ ತಾವೇ ಹೋಗಿ ಕೊಂಡು ತಂದರು. ಗುರಿ ಹೊಡೆಯುವ ಮೈದಾನದಲ್ಲಿ ನಾನು ಎಲ್ಲ ಕಾಡತೂಸಿನ ತಳಕ್ಕೂ ಕಪ್ಪು ಮಾರ್ಕರ್ ಬಳಿದು ಗುರುತು ಮುಚ್ಚಿದೆ. ಭಾವ ಚಾಪೆಯ ಮೇಲೆ ಬೋರಲು ಮಲಗಿ, ಕಣ್ಣು ಮುಂದಿಟ್ಟು, ಕೈ ಮಾತ್ರ ಹಿಂದೆ ಚಾಚಿದರು. ನಾನು ಎಡ, ಬಲ ಎಂದಷ್ಟೇ ಹೇಳುತ್ತಾ ಒಂದೊಂದಾಗಿ ಅಂಗೈಯಲ್ಲಿಟ್ಟೆ. ಒಂದು ಬಗೆಯದು ಎಡಗಡೆಯ ಕಾಗದಕ್ಕೆ, ಇನ್ನೊಂದು ಬಲಗಡೆಯದಕ್ಕೆ. ಅಕ್ಕ ಹಿಂದಿನ ಬೆಂಚಿನ ಮೇಲೆ ಕಿವಿ ಮುಚ್ಚಿ ಕೂತಿದ್ದಳು. ಗುಂಡಿನ ಸದ್ದಿಗಲ್ಲ, ಫಲಿತಾಂಶದ ಭಯಕ್ಕೆ.

ಕಾಗದಗಳು ಬಂದವು. ಎರಡರಲ್ಲೂ ತೂತುಗಳು ಒಂದಕ್ಕೊಂದು ಅಂಟಿಕೊಂಡಂತೆ ಬಿದ್ದಿದ್ದವು. ಅಳೆದು ನೋಡಿದರೆ ಎಡಗಡೆಯ ತೂತುಗಳ ಗುಂಪು ಬಲಗಡೆಯದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಚಿಕ್ಕದು, ಅಂದರೆ ಗುರಿ ಅಷ್ಟು ಹೆಚ್ಚು ನಿಖರ.

"ಎಡಗಡೆದು ಯಾವುದವಾ?" ಎಂದರು ಭಾವ.

"ಕಾರ್ಖಾನೆಯದು," ಎಂದೆ ಮೆಲ್ಲಗೆ.

ಮುಗಿಯಿತು ಕಥೆ ಅಂದುಕೊಂಡೆ. ಭಾವ ಎದ್ದವರೇ ಕುಣಿಯತೊಡಗಿದರು! "ಸೋತೆ! ಅಂಗಡಿ ಕಾಡತೂಸಿಗೆ ನಾ ಸೋತೆ!" ಎಂದು ಪಕ್ಕದ ಚಾಪೆಯ ಇಂಗ್ಲಿಷ್ ಮುದುಕನಿಗೂ ಕೈ ಕುಲುಕಿ ಹೇಳಿದರು. ಆತ ಪಾಪ, ಸಂತಾಪ ಹೇಳಬೇಕೋ ಅಭಿನಂದಿಸಬೇಕೋ ತಿಳಿಯದೆ ನಿಂತ.

"ಸೋತಿದ್ದಕ್ಕೆ ಯಾಕ್ರೀ ಕುಣೀತೀರಿ?" ಅಕ್ಕನ ಮುಖ ಬಾಡಿತ್ತು.

"ಏನಂತ ಕೇಳ್ತೀ! ಆ ಕಡೆ ಇಡೀ ಕಾರ್ಖಾನಿ, ಈ ಕಡೆ ನಿನ್ನ ಮುರದ ಕೈ. ನಡುವ ಒಂದ ಅಕ್ಕಿಕಾಳು!"

"ನನ್ನವಕ್ಕೆ ನೀವು ಬೇಕೂಂತ ಚೆನ್ನಾಗಿ ಗುರಿ ಇಟ್ಟಿರ್ತೀರಿ."

"ನಿನ್ನವು ಯಾವುವಂತ ನನಗ ಎಲ್ಲಿ ಗೊತ್ತಿತ್ತು?"

ಅಕ್ಕ ಬಲಗಡೆಯ ಕಾಗದವನ್ನು ಎತ್ತಿಕೊಂಡು, ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಹಿತ್ತಾಳೆಗೆ ನೋವಾಗಲ್ಲ. ಮನುಷ್ಯರ ಬಾಯಿ ಹಾಗಲ್ಲ," ಅಂದಳು, ಸಣ್ಣ ದನಿಯಲ್ಲಿ.

"ನನ್ನ ಬಾಯಿ ಅದ ಅಲ್ಲೇನು, ಡಾಕ್ಟರ್ ಬಾಯಾರ," ಅಂದರು ಭಾವ.

ಮುಂದಿನ ವಾರ ಅಕ್ಕ ಕ್ಲಿನಿಕ್ಕಿಗೆ ಹೋದಳು. ಮೊದಲ ಪೇಷೆಂಟ್ ನಮ್ಮ ಭಾವ. ಜೊತೆಗೆ ಬಾ ಎಂದು ಅಕ್ಕ ಹೇಳಿದ್ದರಿಂದ ನಾನೂ ಬಾಗಿಲ ಬಳಿ ನಿಂತಿದ್ದೆ. ಅರಿವಳಿಕೆ ಕೊಡಲು ಸೂಜಿ ಎತ್ತಿದಾಗ, ಊರಿಗೆಲ್ಲ ಅರಿವಳಿಕೆ ಕೊಟ್ಟ ಮನುಷ್ಯ ಬೇಡವೆಂದು ತಲೆಯಾಡಿಸಿದರು. ನಿನ್ನ ಕೈ ಹ್ಯಾಂಗದ ಅಂತ ನನಗ ಪೂರಾ ಗೊತ್ತಾಗಬೇಕು ಅಂದರು. ಅಕ್ಕ ಸೂಜಿ ಕೆಳಗಿಟ್ಟು, ಒಮ್ಮೆ ಉಸಿರೆಳೆದುಕೊಂಡು, ಬಲಗೈಯಲ್ಲಿ ಕೊಕ್ಕೆ ಹಿಡಿದು ಹಲ್ಲಿನ ಸಂದಿಯ ಗಾರೆ ಕೆರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಭಾವನ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು.

"ನೋಯ್ತಾ ಇದೆಯೇನ್ರೀ?" ಅಕ್ಕ ಗಾಬರಿಯಿಂದ ಕೈ ಹಿಂದೆಗೆದಳು.

ಭಾವ ಆ ಕೈಯನ್ನು ಹಿಡಿದು ಮತ್ತೆ ತಮ್ಮ ಬಾಯಿಯ ಹತ್ತಿರ ತಂದುಕೊಂಡರು.