ಹೋಳಿಗೆ ಇಲ್ಲದ ಆರತಕ್ಷತೆ

ಹುರಿದ ಶೇಂಗಾ ಮೊರಕ್ಕೆ ಸುರಿದುಕೊಂಡು, ಸಿಪ್ಪೆ ಹಾರಿಸುತ್ತ ಹಿತ್ತಲ ಬಾಗಿಲಲ್ಲಿ ಕೂತಿದ್ದೆ. ಬೇಸಿಗೆಯಲ್ಲಿ ಗಾಳಿ ಎಂಬುದು ನಮ್ಮ ಕೊಪ್ಪಳದ ಓಣಿಗೆ ಅಪರೂಪದ ನೆಂಟ. ಅಂದು ಬಂದಿತ್ತು. ಬಂದ ನೆಂಟನನ್ನು ಬಿಟ್ಟು ಏಳುವುದು ಹೇಗೆ ಎಂದು ಫೋನು ಎರಡು ಸಲ ಹೊಡೆದುಕೊಂಡರೂ ಏಳಲಿಲ್ಲ. ಮೂರನೆಯ ಸಲ ಎತ್ತಿದೆ. ಗಂಗಾವತಿಯಿಂದ, ತವರಿಗೆ ಬಂದಿದ್ದ ಕಾಕಾನ ಮಗಳು ಮಂಗಳಾ. "ಅಕ್ಕಾ, ಅಪ್ಪ ಹೋದ" ಎಂದಳು.

ನಾನು ನಂಬಲಿಲ್ಲ. ನಮ್ಮ ಕಾಕಾನನ್ನು ನೋಡಿದ್ದರೆ ನೀವೂ ನಂಬುತ್ತಿರಲಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಈ ನಾಲ್ಕೂ ಕಡೆ ಎಲೆ ಬಿದ್ದಲ್ಲೆಲ್ಲ ಹಾಜರಿದ್ದ ಮನುಷ್ಯ ಅವನು. ಬದುಕಿನಲ್ಲಿ ಒಂದು ಪಂಕ್ತಿ ತಪ್ಪಿಸಿದವನಲ್ಲ! ಅಂಥವನು ಹಗಲು ಹನ್ನೆರಡೂವರೆಗೆ, ಸರಿಯಾಗಿ ಊಟದ ಹೊತ್ತಿಗೆ, ಉಣ್ಣದೆ ಎದ್ದು ಹೋದ ಎಂದರೆ ಯಾರು ಒಪ್ಪುತ್ತಾರೆ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ಒಂದರಲ್ಲಿ, ಮಂಗಳಾಳ ಮದುವೆಯಾಗುವವರೆಗೆ, ಅವನೂ ಅವಳೂ ಇಬ್ಬರೇ. ಮಂಗಳಾಗೆ ಎಂಟು ವರ್ಷವಿದ್ದಾಗಲೇ ಅವಳ ಅವ್ವ, ನಮ್ಮ ಕಾಕು, ತೀರಿಕೊಂಡಿದ್ದಳು. ದಿನವಿಡೀ ಉಗಿಯ ಮುಂದೆ ನಿಂತು ಬೆಂದ ಮನುಷ್ಯನಿಗೆ ಮದುವೆಮನೆಯ ಒಲೆಯೆಂದರೆ ತಂಪು ನೆರಳು. ಯಾರದೇ ಮದುವೆಯಿರಲಿ, ಮೊದಲು ಮದುಮಕ್ಕಳನ್ನು ನೋಡುವುದಿಲ್ಲ. ನೆಟ್ಟಗೆ ಅಡಿಗೆಯ ಚಪ್ಪರಕ್ಕೆ. ಅಲ್ಲಿ ಭಟ್ಟರನ್ನು ಮಾತಿಗೆಳೆದು, ಕಡಾಯಿಗೆ ಬಗ್ಗಿ, ಪಾಕವನ್ನು ಎರಡು ಬೆರಳಲ್ಲಿ ಎಳೆದು ನೋಡಿ, ತೀರ್ಪು ಕೊಟ್ಟ ಮೇಲೆಯೇ ಅಕ್ಷತೆ. ಒಮ್ಮೆ ಕುಷ್ಟಗಿಯಲ್ಲಿ ಪಾಕ ನೋಡುತ್ತ ನೋಡುತ್ತ ತಾಳಿ ಕಟ್ಟಿಯೇ ಆಯಿತು. ಕೈಯಲ್ಲಿದ್ದ ಅಕ್ಷತೆಯನ್ನು ಏನು ಮಾಡುವುದು? ಭಟ್ಟರ ತಲೆಗೇ ಹಾಕಿ ಬಂದಿದ್ದ!

ಇಷ್ಟೆಲ್ಲ ಮಾಡುವವನು ಹೋಳಿಗೆಯನ್ನು ಮಾತ್ರ ಬಾಯಿಗೆ ಹಾಕುತ್ತಿರಲಿಲ್ಲ. ಮುಟ್ಟುತ್ತಿದ್ದ, ಮೂಸುತ್ತಿದ್ದ, ಬೆಳಕಿಗೆ ಹಿಡಿದು ಹೂರಣ ಅಂಚಿನವರೆಗೆ ಬಂದಿದೆಯೋ ಇಲ್ಲವೋ ನೋಡುತ್ತಿದ್ದ. ಬೀಗರು ಬಲವಂತ ಮಾಡಿದರೆ, ಹೊಟ್ಟೆ ತುಂಬಿದೆ ಎನ್ನುತ್ತಿದ್ದ. ಹೊಟ್ಟೆ ತುಂಬಿದ ಮನುಷ್ಯ ಆಮೇಲೆ ನಾಲ್ಕು ಬುಂದೆ ಉಂಡೆ ತಿನ್ನುತ್ತಿದ್ದ, ಅದು ಬೇರೆ ಮಾತು. ಯುಗಾದಿಗೆ ನಮ್ಮ ಮನೆಗೆ ಬಂದಾಗಲೂ ಅದೇ ಕತೆ. ಎಲೆಯ ತುದಿಗೆ ನಾನು ಹಾಕಿದ ಹೋಳಿಗೆ ಹಾಕಿದ ಹಾಗೇ ಕೂತಿರುತ್ತಿತ್ತು. ನನ್ನ ಕೈರುಚಿಗೆ ಮಾಡಿದ ಅವಮಾನ ಎಂದು ಎಷ್ಟೋ ಯುಗಾದಿ ಒಳಗೊಳಗೇ ಸಿಟ್ಟಾಗಿದ್ದೇನೆ. ಬಾಯಿಬಿಟ್ಟು ಬೈಯಲಿಲ್ಲ, ಅದೊಂದು ದೇವರ ದಯೆ.

ಗಿರಣಿಯಲ್ಲಿ ನಾಲ್ಕು ದಿಕ್ಕಿನ ಮಂದಿ. ಕಾಲುವೆಯ ನೀರಿನ ಬೆನ್ನುಹತ್ತಿ ಬಂದ ತೆಲುಗರು, ಹಮಾಲಿಗೆ ಬಂದ ಬಿಹಾರದವರು, ತೂಕದ ಕಾಂಟಾ ನೋಡುವ ಖಾದರಸಾಬರು. ಬೇರೆಯವರು ಅವರಿಂದ ಬೈಗುಳ ಕಲಿತರೆ ಕಾಕಾ ಸಿಹಿ ಕಲಿತ. ಬಿಹಾರದ ಮೇಸ್ತ್ರಿಯ ಹೆಂಡತಿ ಕಲಿಸಿದ ಠೇಕುವಾ ಎಂಬುದನ್ನು ಮಾಡಿ ತೋರಿಸುತ್ತೇನೆಂದು ಒಂದು ದಿನ ನಮ್ಮ ಮನೆಗೇ ಬಂದ. ಗೋಧಿ ಹಿಟ್ಟು, ಬೆಲ್ಲ, ತುಪ್ಪ ಕಲಸಿ ಎಣ್ಣೆಯಲ್ಲಿ ಕರಿಯುವುದು. ಕೇಳಲು ಮೆತ್ತಗೇ ಇದೆಯಲ್ಲವೇ? ಬಾಯ್ಲರಿನ ಮನುಷ್ಯ ಉರಿ ಸಣ್ಣದು ಮಾಡುವುದನ್ನು ಎಲ್ಲಿ ಬಲ್ಲ! ಕಡಾಯಿಯಿಂದ ತೆಗೆದದ್ದು ನೆಲಕ್ಕೆ ಬಿದ್ದು ಟಣ್ ಎಂದಿತು. ಪಾಪ, ನಮ್ಮತ್ತೆಯವರು ಬೀಗರಿಗೆ ಬೇಡವೆನ್ನಬಾರದೆಂದು ಕಚ್ಚಿದರು. ಕಟ್ಟಿಸಿದ ಹಲ್ಲುಗಳ ಸೆಟ್ಟು ಠೇಕುವಾವನ್ನು ಹಿಡಿದುಕೊಂಡೇ ಹೊರಗೆ ಬಂತು. ಹಲ್ಲು ಮುರಿಯಲಿಲ್ಲ, ಕಳಚಿತಷ್ಟೇ, ಅದೇ ಪುಣ್ಯ. ಕಾಕಾ ಅದನ್ನು ತಿರುಗಿಸಿ ನೋಡಿ, ಗಂಭೀರವಾಗಿ, "ಇನ್ನೊಂದ್ ತಾಸು ಬಿಟ್ಟಿದ್ರ ಮೆತ್ತಗ ಆಕ್ಕಿತ್ರಿ ಅಕ್ಕಾರ" ಎಂದ. ಅತ್ತೆಯವರು ಒಂದು ವಾರ ಅವನ ಹೆಸರೆತ್ತಲಿಲ್ಲ. ಸಡಿಲಾದ ಸೆಟ್ಟು ಸರಿಯಾಗಿ ಕೂರುವವರೆಗೆ ಎತ್ತಲು ಬರುತ್ತಲೂ ಇರಲಿಲ್ಲ.

ಹೀಗಿರುವಾಗ ಆರು ವರ್ಷದ ಹಿಂದೆ ಮಂಗಳಾಗೆ ಕುಷ್ಟಗಿಯ ಕಡೆ ಗಂಡು ಗೊತ್ತಾಯಿತು. ಮದುವೆ ಬೀಗರ ಊರಲ್ಲಿ, ಆರತಕ್ಷತೆ ಗಂಗಾವತಿಯಲ್ಲಿ. ಆರತಕ್ಷತೆಯ ಊಟದ ಸಿಹಿ ನನ್ನ ಪಾಲಿಗೆ ಬಿಡಿ, ಯಾರೂ ಬಾಯಿ ಹಾಕಬೇಡಿ ಎಂದು ಕಾಕಾ ಮೊದಲೇ ಎಲ್ಲರಿಗೂ ಹೇಳಿಬಿಟ್ಟ. ನಾವೆಲ್ಲ ಹಲ್ಲು ಮುಟ್ಟಿ ನೋಡಿಕೊಂಡೆವು. ಅತ್ತೆಯವರಂತೂ ಆ ದಿನಕ್ಕೆ ಮೊಣಕಾಲು ನೋವು ತರಿಸಿಕೊಂಡರು.

ಊಟದ ಹಾಲಿನ ಒಂದು ಬದಿಗೆ ಉದ್ದ ಮೇಜು, ಅದರ ಮೇಲೆ ಸಾಲಾಗಿ ಸಿಹಿಗಳು. ಮೊದಲನೆಯದು ಪೂತರೇಕು. ಸಾಲುಮನೆಯ ವೆಂಕಾಯಮ್ಮನವರು ತಾವೇ ಕೂತು ಮಾಡಿದ್ದು. ಅಕ್ಕಿಯ ಹಿಟ್ಟನ್ನು ನೀರಾಗಿ ಕಲಸಿ, ಕಾದ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಲ್ಲಿ ಎಳೆದು ತೆಗೆದ ಹಾಳೆ; ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳ್ಳಗೆ. ಒಳಗೆ ಸಕ್ಕರೆ ಪುಡಿ, ತುಪ್ಪ ಸವರಿ ಮಡಚಿರುತ್ತಾರೆ. ಎರಡನೆಯದು ಖಾದರಸಾಬರ ಮನೆಯ ಡಬಲ್ ಕಾ ಮೀಠಾ, ತುಪ್ಪದಲ್ಲಿ ಕರಿದ ಬ್ರೆಡ್ಡು ಹಾಲಲ್ಲಿ ನೆನೆದು ಹೊಳೆಯುತ್ತಿತ್ತು. ಮೂರನೆಯದು ಠೇಕುವಾ, ಈ ಸಲ ಮೇಸ್ತ್ರಿಯ ಹೆಂಡತಿಯೇ ಕರಿದಿದ್ದರಿಂದ ತಿನ್ನುವಂತಿತ್ತು. ನಾಲ್ಕನೆಯದು ಸೇಬು, ದಾಲ್ಚಿನ್ನಿ ಹಾಕಿದ ಕೇಕು, ಬೇಕರಿಯ ಭಟ್ಟಿಯಲ್ಲಿ ಸಣ್ಣ ಸಣ್ಣ ಕಾಗದದ ಬಟ್ಟಲಲ್ಲಿ ಬೇಯಿಸಿದ್ದು. ಅಂಜನಾದ್ರಿ ಬೆಟ್ಟದ ಬದಿಯ ಹನುಮನಹಳ್ಳಿಯಲ್ಲಿ ಉಳಿದುಕೊಂಡಿದ್ದ ಯಾವುದೋ ದೇಶದ ಹೆಣ್ಣುಮಗಳು ಹಿಂದೊಮ್ಮೆ ಕಲಿಸಿಕೊಟ್ಟದ್ದಂತೆ. ಅವಳಿಗೆ ಕನ್ನಡವಿಲ್ಲ, ಇವನಿಗೆ ಅವಳ ಭಾಷೆಯಿಲ್ಲ. ಕೈಸನ್ನೆಯಲ್ಲೇ ಕೇಕು ಕಲಿತ ಮನುಷ್ಯ ಈ ಸೀಮೆಯಲ್ಲಿ ಇವನೊಬ್ಬನೇ ಇರಬೇಕು.

ಐದನೆಯ ಜಾಗ ಖಾಲಿ. ಬೆಳ್ಳಗೆ ತೊಳೆದ ತಾಟು, ಪಕ್ಕದಲ್ಲಿ ತುಪ್ಪದ ಗಿಂಡಿ. ತಾಟಿನಲ್ಲಿ ಏನೂ ಇಲ್ಲ.

ಬೀಗರ ಪಂಕ್ತಿ ಬಂತು. ಆಗ ನಡೆದದ್ದನ್ನು ನೆನೆದರೆ ಈಗಲೂ ಸೆರಗು ಬಾಯಿಗೆ ಹೋಗುತ್ತದೆ. ಕುಷ್ಟಗಿಯ ಮಂದಿ ಮರ್ಯಾದಸ್ಥರು, ಪೊಟ್ಟಣ ಕೊಟ್ಟರೆ ಕಾಗದ ಬಿಚ್ಚಿಯೇ ತಿನ್ನುವವರು. ಪೂತರೇಕಿನ ಹಾಳೆಯನ್ನು ಪದರ ಪದರವಾಗಿ ಬಿಡಿಸಿ, ಒಳಗಿನ ಸಕ್ಕರೆ ನೆಕ್ಕಿ, ಹಾಳೆಯನ್ನು ಉಂಡೆ ಕಟ್ಟಿ ಎಲೆಯ ಕೆಳಗೆ ಇಟ್ಟರು. ಇಡೀ ಪಂಕ್ತಿ! ವೆಂಕಾಯಮ್ಮನವರು ಮೂರು ದಿನ ಮಡಕೆಯ ಮುಂದೆ ಕೂತು ಎಳೆದದ್ದೆಲ್ಲ ಎಲೆಯ ಕೆಳಗೆ. ಕಾಕಾ ಪಂಕ್ತಿಯ ಉದ್ದಕ್ಕೂ ಓಡಾಡಿ, ಕಾಗದವನ್ನೇ ತಿನ್ನಬೇಕು, ಕಾಗದವೇ ಸಿಹಿ ಎಂದು ಕೈಮುಗಿದು ಹೇಳಿಕೊಂಡು ಬಂದ. ಮದುಮಗನ ಅಜ್ಜಿ ಹಿರಿಯರು, ಮಾತು ಮೀರಬಾರದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಅವರ ಎಲೆಗೆ ಬಂದದ್ದು ಕೇಕು. ಕಾಗದದ ಬಟ್ಟಲ ಸಮೇತ ತಿಂದರು! ಪೂರ್ತಿ ನುಂಗಿ, ನೀರು ಕುಡಿದು, "ಒಳಗಿನದು ಛಲೋ ಐತ್ರಿ ಬೀಗರ, ಮ್ಯಾಗಿನ ಸಿಪ್ಪಿ ಒಂದೀಟು ಜಿಗುಟು" ಎಂದರು. ಕಾಕಾ ಇನ್ನೊಂದು ಲೋಟ ನೀರು ಕೊಟ್ಟ. ಎರಡು ದಿನ ಕುಷ್ಟಗಿಗೆ ಫೋನು ಮಾಡಿ ಅಜ್ಜಿಯ ಹೊಟ್ಟೆ ವಿಚಾರಿಸಿದನಂತೆ. ಅಜ್ಜಿಗೆ ಏನೂ ಆಗಲಿಲ್ಲ, ಮಾರುತಿದೇವರು ಕಾಯ್ದ.

ಆದರೆ ನಗುವಿನ ನಡುವೆ ಗುಸುಗುಸು ಶುರುವಾಗಿತ್ತು. ಹೋಳಿಗೆ ಎಲ್ಲಿ? ಲೋಕದ ಸಿಹಿಯೆಲ್ಲ ಬಂದಿದೆ, ನಮ್ಮದೇ ಇಲ್ಲವಲ್ಲ. ನನ್ನ ಅಪ್ಪ ಅರ್ಧ ಊಟಕ್ಕೇ ಕೈ ತೊಳೆದು, ಹೋಳಿಗೆ ಇಲ್ಲದ್ದೂ ಒಂದು ಊಟವೇ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ನಾನೂ ಕಡಿಮೆಯಿಲ್ಲ. ಕಾಕಾನನ್ನು ಮೂಲೆಗೆ ಕರೆದು ಕೇಳಿದೆ.

"ಕಾಕಾ, ನಮ್ಮ ಹೋಳಿಗಿ ಎಲ್ಲೈತಿ?"

"ಬರೂದೈತಿ ಬೇ. ದಾರ್ಯಾಗ ಐತಿ."

ಅಡಿಗೆಯವರು ತಡ ಮಾಡಿದ್ದಾರೆ ಎಂದುಕೊಂಡೆ. ಎರಡನೆಯ ಪಂಕ್ತಿ ಮುಗಿಯಿತು, ಮೂರನೆಯದೂ ಮುಗಿಯಿತು. ಹೋಳಿಗೆಗಾಗಿ ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡು ಕಾದ ಪೆದ್ದಿ ನಾನು! ಕಡೆಗೆ ಕೈ ತೊಳೆಯುವಲ್ಲಿ ವೆಂಕಾಯಮ್ಮನವರು ಸಿಕ್ಕರು. ಅವರ ಮುಂದೆಯೂ ಗೊಣಗಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು.

"ಅದು ನೀವು ತರಬೇಕಾದ್ದಲ್ವಾ ಅಮ್ಮಾ?"

ನಮ್ಮಲ್ಲಿ ಒಂದು ಪದ್ಧತಿಯಿದೆ. ಸಾವಾದ ಮನೆಯಲ್ಲಿ, ಸೂತಕದ ದಿನಗಳು ಮುಗಿದ ಮೇಲೆ, ರಕ್ತಸಂಬಂಧದವರು ಹೋಳಿಗೆ ಮಾಡಿಕೊಂಡು ಹೋಗಿ ಆ ಮನೆಯವರ ಬಾಯಿಗೆ ತಮ್ಮ ಕೈಯಿಂದ ಹಾಕಬೇಕು. ಅಲ್ಲಿಯವರೆಗೆ ಆ ಮನೆಯ ಒಲೆಯ ಮೇಲೆ ಬೆಲ್ಲ ಕರಗುವಂತಿಲ್ಲ, ಹಬ್ಬವಿಲ್ಲ. ಇದಕ್ಕೆ ಯಾರೂ ಕರೆಯಬಾರದು. ಕರೆಯದೆ ಹೋಗುವುದೇ ಇದರ ಅರ್ಥ. ಕಾಕು ತೀರಿಕೊಂಡ ವರ್ಷ ಅಪ್ಪನಿಗೂ ಕಾಕಾನಿಗೂ ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟಿತ್ತು. ಮಣ್ಣು ಕೊಡಲು ಹೋಗಿ ಬಂದೆವು. ಹೋಳಿಗೆಯ ದಿನ ಮಾತ್ರ ಅಪ್ಪ, ಅವನು ಬಂದು ಕರೆಯಲಿ ಎಂದು ಕಟ್ಟೆಯ ಮೇಲೆ ಕೂತುಬಿಟ್ಟ. ನಾನು ಮದುವೆಯಾದ ಹೊಸತು, ತವರಿಗೆ ಬಂದಿದ್ದೆ. ಅವ್ವ ಬೇಳೆ ಕುದಿಸಿ ಹೂರಣ ರುಬ್ಬಿ ಆಗಿತ್ತು. ಕೆಡಬಾರದೆಂದು ಹೋಳಿಗೆ ಬೇಯಿಸಿ ನಾವೇ ತಿಂದೆವು. ದೇವರ ಮುಂದೆ ಸುಳ್ಳು ಹೇಳಬಾರದು, ನಾನೂ ಎರಡು ತಿಂದೆ.

ಉಳಿದದ್ದನ್ನು ವೆಂಕಾಯಮ್ಮನವರು ಹೇಳಿದರು. ನಾವು ಬಾರದ ಆ ವರ್ಷ ಸಾಲುಮನೆಗಳಲ್ಲಿ ಹಬ್ಬದ ವಾಸನೆ ಬಂದರೆ ಮಂಗಳಾ ಬಾಗಿಲು ಮುಚ್ಚಿಕೊಂಡು ಒಳಗೆ ಕೂರುತ್ತಿದ್ದಳಂತೆ. ಯಾಕೆಂದು ಕೇಳಿದರೆ, ನಮ್ಮವರು ಇನ್ನೂ ಬಂದಿಲ್ಲ ಎನ್ನುತ್ತಿದ್ದಳಂತೆ. ವೆಂಕಾಯಮ್ಮನವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಮಗು ಸಿಹಿ ತಿಂದಿಲ್ಲ ಎಂಬುದಷ್ಟೇ ಗೊತ್ತು. ಪೂತರೇಕು ತಂದು ಬಾಯಿಗಿಟ್ಟರು. ಅದನ್ನು ನೋಡಿ ಖಾದರಸಾಬರ ಹೆಂಡತಿ ಬಂದರು, ಮೇಸ್ತ್ರಿಯ ಹೆಂಡತಿ ಬಂದಳು. ಒಂದು ಶನಿವಾರ ಅಂಜನಾದ್ರಿಯ ಮೆಟ್ಟಿಲ ಮೇಲೆ ಅವ್ವ ಬೇಕು ಎಂದು ಅಳುತ್ತ ಕೂತ ಮಂಗಳಾಗೆ ಹನುಮನಹಳ್ಳಿಯ ಆ ಪರದೇಶದ ಹೆಣ್ಣುಮಗಳು ತನ್ನ ಚೀಲದೊಳಗಿನ ಕೇಕು ಮುರಿದು ಕೊಟ್ಟಳು. ಮಗಳ ಬಾಯಿ ಸಿಹಿ ಮಾಡಿದ ಅಷ್ಟೂ ಜನರ ಸಿಹಿ ಅವಳ ಮದುವೆಯಲ್ಲಿ ಇರಬೇಕೆಂಬುದು ಕಾಕಾನ ಹಟ. ಐದನೆಯ ತಾಟು ನಮ್ಮದು. ಅದನ್ನು ತೆಗೆದುಬಿಡು ಎಂದು ಎಷ್ಟು ಹೇಳಿದರೂ ತೆಗೆಯಲಿಲ್ಲವಂತೆ.

ಅಂದೇ ಗೊತ್ತಾಯಿತು, ಅವನು ನನ್ನ ಹೋಳಿಗೆಯನ್ನು ಯಾಕೆ ಮುಟ್ಟುತ್ತಿರಲಿಲ್ಲ ಎಂದು. ಎಲೆಗೆ ಹಾಕುತ್ತಿದ್ದೆ, ಬಾಯಿಗೆ ಹಾಕಲಿಲ್ಲ. ನಮ್ಮ ಮನೆಗೆ ಬಂದಾಗ ಬಡಿಸಿದೆ, ಅವನ ಮನೆಗೆ ಒಯ್ಯಲಿಲ್ಲ.

ಗೊತ್ತಾದ ಮೇಲೆ ಒಯ್ದೆನೇ? ಅದನ್ನೇ ಬರೆಯಲು ಕೈ ಹಿಂಜರಿಯುತ್ತದೆ. ಅಪ್ಪನಿಗೆ ನೋವಾದೀತೆಂದು ಮೊದಲು ಸುಮ್ಮನಿದ್ದೆ. ಅಪ್ಪ ತೀರಿಕೊಂಡ. ಹೋಳಿಗೆ ಕಟ್ಟಿಕೊಂಡು ನಮ್ಮ ಬಾಯಿ ಸಿಹಿ ಮಾಡಲು ಮೊದಲು ಬಂದವನು ಯಾರು ಎಂದುಕೊಂಡಿರಿ? ಕಾಕಾ. ವೆಂಕಾಯಮ್ಮನವರ ಒಲೆಯ ಮೇಲೆ ಮಾಡಿಸಿ ತಂದದ್ದನ್ನು ತನ್ನ ಕೈಯಿಂದಲೇ ನನ್ನ ಬಾಯಿಗೆ ಹಾಕಿದ. ಕರೆಯದೆ ಬಂದಿದ್ದ. ಆಮೇಲಾದರೂ ಹೋಗಬಹುದಿತ್ತು. ಮುಂದಿನ ಹುಣ್ಣಿಮೆಗೆ, ಶ್ರಾವಣ ಮುಗಿಯಲಿ, ನಮ್ಮ ಯಜಮಾನರ ಪಾಳಿ ಬದಲಾಗಲಿ ಎಂದು ದಿನ ದೂಡಿದೆ. ಕೊಪ್ಪಳದಿಂದ ಗಂಗಾವತಿ ಏನು ಕಾಶಿಯೇ? ಗಳಿಗೆಗೊಂದು ಬಸ್ಸು.

ಸತ್ತ ದಿನ ಹೋದೆ. ಕಡೆಗಾಲಕ್ಕೆ ನರಳಲಿಲ್ಲ, ಬಾಗಿಲ ಹೊರಗೆ ಕುರ್ಚಿಯ ಮೇಲೆ ಕೂತಲ್ಲೇ ಹೋದ ಎಂದರು. ಅಷ್ಟಾದರೂ ದೇವರು ನಡೆಸಿಕೊಟ್ಟ ಎಂದು ಕೈಮುಗಿದೆ.

ದಿನಗಳು ಮುಗಿದ ಮರುದಿನ ಬೆಳಗ್ಗೆ ಎದ್ದು ಬೇಳೆ ಇಟ್ಟೆ. ಹೂರಣ ರುಬ್ಬಿದೆ. ಇಪ್ಪತ್ತೊಂದು ಹೋಳಿಗೆ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಇವರಿಗೆ ಗಿಣಿಗೇರಿಯ ಕಾರ್ಖಾನೆಯಲ್ಲಿ ಹಗಲು ಪಾಳಿ, ಒಬ್ಬಳೇ ಹೋದೆ. ದಾರಿಯುದ್ದಕ್ಕೂ ಒಂದೇ ಭಯ. ಮಂಗಳಾ ಬೇಡ ಎಂದುಬಿಟ್ಟರೆ? ಬೇಡ ಎನ್ನುವುದಕ್ಕೆ ಅವಳಿಗೆ ಎಲ್ಲ ಹಕ್ಕೂ ಇತ್ತು.

ಸಾಲುಮನೆಯಲ್ಲಿ ವೆಂಕಾಯಮ್ಮನವರೂ ಖಾದರಸಾಬರ ಹೆಂಡತಿಯೂ ಗೋಡೆಗೆ ಒರಗಿ ಕೂತಿದ್ದರು. ಇಬ್ಬರ ಮುಂದೆಯೂ ಡಬ್ಬಿ. ಇಬ್ಬರ ಡಬ್ಬಿಯ ಮುಚ್ಚಳವೂ ತೆರೆದಿರಲಿಲ್ಲ. ನನ್ನ ಕೈಯ ಗಂಟು ನೋಡಿ ಖಾದರಸಾಬರ ಹೆಂಡತಿ ಸರಿದು ಜಾಗ ಮಾಡಿದರು. "ನಿಮ್ಮ ಸಲುವಾಗೇ ಕುಂತೀವ್ರಿ. ಮೊದಲ ನಿಮ್ಮದಾಗ್ಲಿ" ಎಂದರು.

ನಾನು ತಲೆಯಾಡಿಸಿದೆ. ಮೊದಲು ಅವರದೇ ಆಗಬೇಕು, ಅಂದು ಮೊದಲು ಬಂದವರು ಅವರು ಎಂದೆ. ಅವರು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಸಾವಿನ ಮನೆಯಲ್ಲಿ ಮೂವರು ಹೆಂಗಸರು ನೀವು ಮೊದಲು, ನೀವು ಮೊದಲು ಎಂದು ಜಗಳಾಡಿದೆವು. ಕಾಕಾ ಇದ್ದಿದ್ದರೆ ಮೂರೂ ಡಬ್ಬಿ ತೆರೆದು ತಾನೇ ತೀರ್ಪು ಕೊಡುತ್ತಿದ್ದ. ಕಡೆಗೆ ಅವರಿಬ್ಬರೂ ಹಾಕಿದರು. ಆಮೇಲೆ ನಾನು ಗಂಟು ಬಿಚ್ಚಿ, ಒಂದು ಹೋಳಿಗೆಗೆ ತುಪ್ಪ ಸವರಿ, ತುಂಡು ಮುರಿದು ಮಂಗಳಾಳ ಮುಂದೆ ಹಿಡಿದೆ.

ಅವಳು ತಕ್ಷಣ ಬಾಯಿ ತೆರೆಯಲಿಲ್ಲ. ತುಂಡನ್ನೇ ನೋಡಿದಳು.

"ಅಪ್ಪ ಭಾಳ ಕಾಯ್ದ ಅಕ್ಕಾ."

"ಹೌದವಾ. ತಪ್ಪಾತು" ಎಂದೆ.

ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು, ಎಂಟು ವರ್ಷದ ಹುಡುಗಿಯ ಹಾಗೆ. ಮೆಲ್ಲಗೆ ಅಗಿದಳು. ಅಳು ಬಂತು, ಅಗಿಯುತ್ತಲೇ ಅತ್ತಳು. ನುಂಗಿದ ಮೇಲೆ ಮೂಗು ಒರೆಸಿಕೊಂಡು, "ಇನ್ನೊಂದು ಹಾಕು. ಇದು ಅಪ್ಪಂದು" ಎಂದಳು. ಹಾಕಿದೆ.

ಸಂಜೆ ಕೊಪ್ಪಳಕ್ಕೆ ಬಂದಾಗ ಓಣಿಯ ನಳಕ್ಕೆ ನೀರು ಬಿಟ್ಟಿದ್ದರು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ನಾನಿಲ್ಲದ ಹೊತ್ತಿಗೆ ಬಂದು ಹೋಗಬಹುದಿತ್ತು, ಹೋಗಿರಲಿಲ್ಲ. ಸೀರೆ ಬದಲಿಸದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲನೆಯ ಕೊಡ ತೊಳೆದು ನಳದ ಕೆಳಗೆ ಇಟ್ಟೆ.